ಹೆತ್ತ ತಾಯಿಯನ್ನು ಹುಡುಕುವವರ ಜೊತೆ ಏಳು ವಾರ

ತುಮಕೂರು

ಇಂಗ್ಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮೂರಿನವರು ಮೊದಲು ಕೇಳುವುದು ರಾಣಿಯ ಅರಮನೆ ನೋಡಿದಿರಾ ಅಂತ. ನೋಡಲಿಲ್ಲ. ಲಂಡನ್ನಿನಲ್ಲಿ ನಾನಿದ್ದದ್ದು ನಾಲ್ಕು ಗಂಟೆ, ಅದರಲ್ಲಿ ಎರಡು ಗಂಟೆ ಸೂಟ್‌ಕೇಸಿಗೆ ಕಾದದ್ದಾಯಿತು. ಉಳಿದ ಏಳು ವಾರವನ್ನು ವೇಕ್‌ಫೀಲ್ಡ್ ಅನ್ನುವ ಊರಿನ ಒಂದು ಆಫೀಸಿನಲ್ಲಿ, ಬೇರೆಯವರ ಗುಟ್ಟನ್ನು ಅವರು ಹೇಗೆ ಜೋಪಾನ ಮಾಡುತ್ತಾರೆ ಅಂತ ನೋಡುತ್ತ ಕಳೆದೆ. ಪ್ರೇಕ್ಷಣೀಯ ಸ್ಥಳಗಳ ವರ್ಣನೆ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ನಾನು ತುಮಕೂರಿನ ಒಂದು ಶಿಶುಮಂದಿರದಲ್ಲಿ ಸಮಾಜ ಕಾರ್ಯಕರ್ತೆ. ಸೇರಿದಾಗ ಇಪ್ಪತ್ತೆರಡು ವರ್ಷ. ಎಂಬತ್ತರ ದಶಕದ ನಡುವೆ ಈ ಪ್ರಯಾಣ ಒದಗಿ ಬಂದಾಗ ನಲವತ್ತು ದಾಟಿತ್ತು. ಮಕ್ಕಳಿಲ್ಲದವರಿಗೆ ಮಗು ಕೊಡುವುದು, ಅದಕ್ಕೂ ಮೊದಲು ಹೆತ್ತವಳ ಕೈಯಿಂದ ಮಗು ತೆಗೆದುಕೊಳ್ಳುವುದು, ಎರಡೂ ನನ್ನ ಕೆಲಸ. ಮದುವೆ ಮುಂಜಿಗಳಲ್ಲಿ ಸಿಕ್ಕಿದವರು ಮೊದಲನೆಯದರ ಬಗ್ಗೆ ಬಹಳ ಮೆಚ್ಚಿ ಮಾತಾಡುತ್ತಾರೆ. ಎರಡನೆಯದರ ಬಗ್ಗೆ ಯಾರೂ ಕೇಳುವುದಿಲ್ಲ.

ಹಾಗೆ ನಾನು ತೆಗೆದುಕೊಂಡ ಮೊದಲ ಮಗು ಗುಬ್ಬಿಯದು. ಹೆತ್ತವಳು ಚೇಳೂರಿನ ಕಡೆಯ ಹದಿನೇಳು ವರ್ಷದ ಹುಡುಗಿ. ಜಯಮ್ಮ ಅಂತ ಕರೆಯುತ್ತೇನೆ, ನಿಜವಾದ ಹೆಸರು ಅದಲ್ಲ. ಮದುವೆಯಾಗುತ್ತೇನೆ ಅಂದವನು ಆಗಿರಲಿಲ್ಲ. ನೆಂಟರ ಮನೆಗೆ ಹೋಗಿದ್ದಾಳೆ ಅಂತ ಊರಿಗೆಲ್ಲ ಹೇಳಿ ಅವಳ ತಾಯಿ ಅವಳನ್ನು ಗುಬ್ಬಿಯಲ್ಲಿ ಸೂಸಮ್ಮ ಅನ್ನುವ ನರ್ಸಿನ ಮನೆಯಲ್ಲಿ ಇಟ್ಟಿದ್ದರು. ಮಗುವನ್ನು ಎತ್ತಿಕೊಂಡು ನಾನು ಎದ್ದಾಗ ಆ ಹುಡುಗಿ ಅಳಲಿಲ್ಲ. ನನ್ನ ಸೆರಗು ಹಿಡಿದುಕೊಂಡು ಒಂದೇ ಮಾತು ಕೇಳಿದಳು: “ಯಾರೂ ನನ್ನ ಹುಡುಕ್ಕೊಂಡು ಬರಲ್ವಲ್ಲಾ ಅಕ್ಕಾ?”

ಯಾರೂ ಬರುವುದಿಲ್ಲ ಕಣಮ್ಮ ಅಂದೆ. ಆಗ ಅದು ದೊಡ್ಡ ಮಾತು ಅಂತ ನನಗೆ ಅನ್ನಿಸಿರಲಿಲ್ಲ.

ಆ ಮಗುವನ್ನು ಒಬ್ಬ ಕನ್ನಡದ ಡಾಕ್ಟರ್ ದಂಪತಿ ತೆಗೆದುಕೊಂಡರು. ಆಮೇಲೆ ಇಂಗ್ಲೆಂಡಿಗೆ ಹೋಗಿ ಲೀಡ್ಸ್ ಅನ್ನುವ ಊರಿನಲ್ಲಿ ನೆಲೆನಿಂತರು. ಹದಿನೆಂಟು ವರ್ಷವಾದ ಮೇಲೆ ಆ ಮಗು, ಈಗ ವೀಣಾ, ನಮ್ಮ ಶಿಶುಮಂದಿರಕ್ಕೆ ಕಾಗದ ಬರೆದಳು. ನನ್ನನ್ನು ಹೆತ್ತವರು ಬದುಕಿದ್ದಾರೆಯೇ, ಇದ್ದರೆ ನಾನು ಅವರಿಗೊಂದು ಕಾಗದ ಬರೆಯಬಹುದೇ ಅಂತ ಕೇಳಿದ್ದಳು. ಇಷ್ಟೇ. ಕಾಗದವನ್ನು ನಾಲ್ಕು ಸಲ ಓದಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಉತ್ತರ ಬರೆಯಲು ನನಗೆ ಧೈರ್ಯವಾಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೇ ವೇಕ್‌ಫೀಲ್ಡಿನಿಂದ ಆಹ್ವಾನ ಬಂತು. ದತ್ತು ಹೋದ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಹುಟ್ಟಿನ ದಾಖಲೆ ನೋಡಬಹುದು ಅಂತ ಅಲ್ಲಿ ಕೆಲವು ವರ್ಷದ ಹಿಂದೆ ಕಾನೂನಾಗಿತ್ತು. ನೋಡಿದವರು ಸುಮ್ಮನಿರುತ್ತಾರೆಯೇ? ಹೆತ್ತವಳನ್ನು ಹುಡುಕುತ್ತಾರೆ. ಹುಡುಕಿ ಕೊಡುವ, ಅದಕ್ಕಿಂತ ಹೆಚ್ಚಾಗಿ ಹುಡುಕಾಟದಿಂದ ಯಾರ ಮನೆಯೂ ಮುರಿಯದ ಹಾಗೆ ನೋಡಿಕೊಳ್ಳುವ ಆಫೀಸು ಅದು. ಬಂದು ನೋಡಿ ಅಂದರು. ಲೀಡ್ಸ್ ಅಲ್ಲಿಂದ ಅರ್ಧ ಗಂಟೆಯ ದಾರಿ ಅಂತ ಅಟ್ಲಾಸಿನಲ್ಲಿ ನೋಡಿಕೊಂಡೇ ನಾನು ಒಪ್ಪಿದ್ದು.

ವೇಕ್‌ಫೀಲ್ಡ್ ಮತ್ತು ಅದರಾಚೆ

ಇಳಿಯಬೇಕಾದ ಸ್ಟೇಷನ್ನಿನಲ್ಲಿ ನಾನು ಇಳಿಯಲೇ ಇಲ್ಲ. ಅಲ್ಲಿನ ರೈಲಿನ ಬಾಗಿಲಿಗೆ ಒಳಗಡೆ ಹಿಡಿಯೇ ಇಲ್ಲ. ಕಿಟಕಿಯ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿ ತಿರುಗಿಸಬೇಕು. ಇದನ್ನು ಯಾರು ಹೇಳಬೇಕು? ವೇಕ್‌ಫೀಲ್ಡ್ ಬಂತು, ನಾನು ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ತಡಕಾಡಿದೆ, ಗುದ್ದಿದೆ. ಪಕ್ಕದ ಸೀಟಿನ ಮನುಷ್ಯ ಪೇಪರು ಸ್ವಲ್ಪ ತಗ್ಗಿಸಿ ನೋಡಿ, ಅನ್ಯರ ವಿಷಯಕ್ಕೆ ಹೋಗಬಾರದು ಅನ್ನಿಸಿತೋ ಏನೋ, ಮತ್ತೆ ಎತ್ತಿಕೊಂಡ. ರೈಲು ಹೊರಟಿತು. ಪ್ಲಾಟ್‌ಫಾರಂ ಮೇಲೆ ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ ಹೆಂಗಸು ಹಿಂದೆ ಹಿಂದೆ ಹೋದಳು. ಹೀಗೆ ನಾನು ಮೊದಲು ನೋಡಿದ ಊರು ಲೀಡ್ಸೇ ಆಯಿತು. ಅಲ್ಲಿ ಪೋರ್ಟರ್ ಒಬ್ಬ ಬಾಗಿಲು ತೆಗೆದು, ವಾಪಸ್ಸು ಹೋಗುವ ಗಾಡಿಗೆ ಹತ್ತಿಸಿದ.

ನಮ್ಮಲ್ಲಾಗಿದ್ದರೆ ಬಾಗಿಲಿಗೆ ಗುದ್ದುವ ಹೆಂಗಸನ್ನು ಹತ್ತು ಜನ ಸೇರಿ ಇಳಿಸುತ್ತಿದ್ದರು. ಬೇಡ ಅಂದರೂ ಇಳಿಸುತ್ತಿದ್ದರು.

ರಟ್ಟು ಹಿಡಿದಿದ್ದ ಹೆಂಗಸು ಜೋನ್. ಆ ಆಫೀಸಿನ ಮುಖ್ಯಸ್ಥೆ, ಅರವತ್ತರ ಹತ್ತಿರ, ಬಿಳಿ ಕೂದಲು, ಗಂಡಸರ ಹಾಗೆ ಬಿರುಸು ನಡಿಗೆ. ನನ್ನನ್ನು ಜೋನ್ ಅಂತಲೇ ಕರಿ ಅಂದಳು. ಅಮ್ಮನ ವಯಸ್ಸಿನವಳನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಗೆ ಏಳಲಿಲ್ಲ. ಏಳು ವಾರವೂ ಅವಳನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತು ಕೆಮ್ಮಿ ಕೆಲಸ ಸಾಗಿಸಿದೆ. ನನಗೆ ಗಂಟಲ ತೊಂದರೆ ಇದೆ ಅಂತ ತಿಳಿದು ಅವಳು ಒಂದು ಬಾಟಲಿ ಔಷಧಿ ತಂದುಕೊಟ್ಟಳು.

ಉಳಿದುಕೊಂಡದ್ದು ಒಬ್ಬ ವಿಧವೆಯ ಮನೆಯಲ್ಲಿ. ದಿನಾ ಬೆಳಿಗ್ಗೆ ಮಳೆಯ ಬಗ್ಗೆ ಒಂದು ಮಾತು ಆಡುತ್ತಿದ್ದರು, ಸಂಜೆ ಚಳಿಯ ಬಗ್ಗೆ ಇನ್ನೊಂದು. ಮೂರು ವಾರ ಕಳೆದರೂ ನನಗೆ ಮದುವೆಯಾಗಿದೆಯೇ ಇಲ್ಲವೇ ಅಂತ ಅವರು ಕೇಳಲಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೊರಟರೆ ದಾಬಸ್‌ಪೇಟೆ ಬರುವುದರೊಳಗೆ ಪಕ್ಕದಲ್ಲಿ ಕೂತವರಿಗೆ ನನ್ನ ಜಾತಿ, ಮನೆದೇವರು, ಮಕ್ಕಳೆಷ್ಟು ಎಲ್ಲ ಗೊತ್ತಾಗಿರುತ್ತದೆ. ಮೊದಮೊದಲು ಈ ಕೇಳದಿರುವಿಕೆ ನನಗೆ ಅವಮಾನ ಅನ್ನಿಸಿತು. ಆಮೇಲೆ ರೂಢಿಯಾಯಿತು. ಕೊನೆಕೊನೆಗೆ, ಒಪ್ಪಿಕೊಳ್ಳುತ್ತೇನೆ, ಹಾಯಾಗಿತ್ತು.

ಜೋನಳ ಲಕೋಟೆ

ಹೆತ್ತವಳಿಗೆ ಬರೆಯುವ ಮೊದಲ ಕಾಗದದ ಮೇಲೆ ಜೋನ್ ಪಡುವಷ್ಟು ಕಷ್ಟವನ್ನು ನಾನು ನನ್ನ ಮದುವೆಯ ಲಗ್ನಪತ್ರಿಕೆಗೂ ಪಟ್ಟಿರಲಿಲ್ಲ. ಟೈಪು ಮಾಡುವ ಹಾಗಿಲ್ಲ, ಕೈಯಲ್ಲೇ ಬರೆಯಬೇಕು. ಆಫೀಸಿನ ಉದ್ದನೆಯ ಕವರು ಬೇಡ, ಅಂಗಡಿಯಲ್ಲಿ ಸಿಗುವ ಸಾದಾ ಲಕೋಟೆ. ಸರ್ಕಾರಿ ಮುದ್ರೆ ಬೇಡ, ಅಂಚೆಚೀಟಿ ನಾಲಗೆಯಿಂದ ಒದ್ದೆ ಮಾಡಿ ಅಂಟಿಸಬೇಕು. ಶನಿವಾರ ತಲುಪುವ ಹಾಗೆ ಹಾಕಬಾರದು, ಆವತ್ತು ಗಂಡ ಮನೆಯಲ್ಲಿರುತ್ತಾನೆ.

ಒಳಗಿನ ಒಕ್ಕಣೆ ಇನ್ನೂ ವಿಚಿತ್ರ. ಮಗು ಅನ್ನುವ ಮಾತೇ ಇರುವುದಿಲ್ಲ. ಇಂಥ ವರ್ಷ ಇಂಥ ಊರಿನಲ್ಲಿದ್ದ ಒಬ್ಬರ ಪರಿಚಯ ನನಗೆ ಬೇಕಾಗಿದೆ, ಅದು ನೀವಲ್ಲದಿದ್ದರೆ ಕ್ಷಮಿಸಿ ಹರಿದು ಹಾಕಿ, ನೀವೇ ಆಗಿದ್ದರೆ ಈ ನಂಬರಿಗೆ ಫೋನ್ ಮಾಡಿ, ಅಷ್ಟೇ. ಗಂಡನೇ ಒಡೆದು ಓದಿದರೂ ಹಳೆಯ ಗೆಳತಿ ಅಂದುಕೊಳ್ಳಬೇಕು. ಆ ಫೋನಿಗೆ ಆಫೀಸಿನ ಹೆಸರು ಹೇಳಿ ಉತ್ತರಿಸುವ ಹಾಗಿಲ್ಲ, ಬರೀ ಹಲೋ. ಮೂರು ವಾರ ಕಾಯುತ್ತಾರೆ. ಇನ್ನೊಂದೇ ಕಾಗದ. ಅದಕ್ಕೂ ಉತ್ತರವಿಲ್ಲ ಅಂದರೆ ಮುಗಿಯಿತು, ಮತ್ತೆ ಆ ಹೆಂಗಸಿನ ತಂಟೆಗೆ ಹೋಗುವುದಿಲ್ಲ. ಬೇಡ ಅನ್ನುವ ಹಕ್ಕು ಅವಳಿಗಿದೆ ಅಂದಳು ಜೋನ್.

ಅವಳ ಇನ್ನೆರಡು ನಿಯಮಗಳನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಸುಳ್ಳು ಹೇಳಬಾರದು. ಬೇಕಾದ್ದಕ್ಕಿಂತ ಹೆಚ್ಚು ಹೇಳಬಾರದು. ಬರೆದುಕೊಳ್ಳುವಾಗ ಬಹಳ ಸುಲಭವಾಗಿ ಕಂಡಿತು.

ಐದನೆಯ ವಾರ, ಎರಡನೆಯ ಕಾಗದಕ್ಕೆ ಉತ್ತರ ಕೊಟ್ಟಿದ್ದ ಒಬ್ಬ ಹೆಂಗಸನ್ನು ನೋಡಲು ಪಾಂಟಿಫ್ರಾಕ್ಟ್ ಅನ್ನುವ ಸಣ್ಣ ಊರಿಗೆ ಹೋದೆವು. ನಾನು ದೂರದಲ್ಲಿ ಕೂತು ನೋಡಬಹುದು ಅಂತ ಆ ಹೆಂಗಸು ಮೊದಲೇ ಒಪ್ಪಿದ್ದಳು. ಜಾಗ, ಮಾರ್ಕೆಟ್ಟಿನ ಪಕ್ಕದ ಒಂದು ಟೀ ಅಂಗಡಿ. ಜೋನ್ ಎಲ್ಲ ಯೋಚಿಸಿದ್ದಳು. ಮೂಲೆಯ ಮೇಜು, ಬಂದವಳಿಗೆ ಬಾಗಿಲಿನ ಹತ್ತಿರದ ಕುರ್ಚಿ, ಎದ್ದು ಹೋಗಬೇಕೆನಿಸಿದರೆ ಯಾರನ್ನೂ ದಾಟಬೇಕಾಗಿಲ್ಲ. ಒಂದನ್ನು ಮಾತ್ರ ಯೋಚಿಸಿರಲಿಲ್ಲ. ನಾನು ಸೀರೆಯಲ್ಲಿದ್ದೆ. ಮೇಲೆ ಗಂಡಸರ ಓವರ್‌ಕೋಟು, ಕೆಳಗೆ ಉಣ್ಣೆಯ ಕಾಲುಚೀಲ, ಅದರ ಮೇಲೆ ಚಪ್ಪಲಿ. ನಾನು ಒಳಗೆ ಕಾಲಿಟ್ಟ ತಕ್ಷಣ ಅಂಗಡಿಯ ಅಷ್ಟೂ ತಲೆಗಳು ತಿರುಗಿದವು. ಗುಟ್ಟಿನ ಭೇಟಿ ಅಂದರೆ ಇದೇ ಇರಬೇಕು ಅಂತ ನನಗೇ ನಾಚಿಕೆಯಾಯಿತು. ಜೋನಳ ಮುಖ ಕೆಂಪಾಯಿತು.

ಆ ಹೆಂಗಸು ಬಂದಳು. ಐವತ್ತು ದಾಟಿದವಳು, ನೀಲಿ ಕೋಟು, ಕೈಯಲ್ಲಿ ಖಾಲಿ ಚೀಲ. ಒಂದು ಗಂಟೆ ಮಾತಾಡಿದರು. ಆಮೇಲೆ ಜೋನ್ ಹೇಳಿದಳು, ಸೀರೆಯ ವಿಷಯಕ್ಕೆ ಕ್ಷಮೆ ಕೇಳಿದ್ದಕ್ಕೆ ಆಕೆ ನಕ್ಕುಬಿಟ್ಟಳಂತೆ. ಒಳ್ಳೆಯದೇ ಆಯಿತು, ಎಲ್ಲರೂ ಅವರನ್ನೇ ನೋಡುತ್ತಿದ್ದರು, ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ ಅಂದಳಂತೆ.

ಎದ್ದು ಹೊರಡುವಾಗ ಜೋನ್ ತನ್ನ ಬ್ಯಾಗಿನಿಂದ ಒಂದು ಎಲೆಕೋಸು, ಬ್ರೆಡ್ಡು, ನಾಲ್ಕು ಈರುಳ್ಳಿ ತೆಗೆದು ಆ ಖಾಲಿ ಚೀಲಕ್ಕೆ ಹಾಕಿದಳು. ಸಾಮಾನು ತರಲು ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿ ಬಂದವಳು ಖಾಲಿ ಕೈಯಲ್ಲಿ ಹೋಗಬಾರದಲ್ಲ. ನನ್ನ ಕೆಲಸ ನನಗೆ ಗೊತ್ತು ಅಂತ ನಾನು ಅಲ್ಲಿಯವರೆಗೂ ಅಂದುಕೊಂಡಿದ್ದೆ. ಆವತ್ತು ಗೊತ್ತಿಲ್ಲ ಅನ್ನಿಸಿತು. ಹದಿನೆಂಟು ವರ್ಷದಲ್ಲಿ ಮಗು ಕೊಟ್ಟ ಒಬ್ಬ ಹೆಂಗಸಾದರೂ ಮನೆಗೆ ಹೇಗೆ ವಾಪಸ್ಸಾದಳು, ಏನು ಹೇಳಿಕೊಂಡಳು ಅಂತ ನಾನು ಕೇಳಿದವಳಲ್ಲ.

ಲೀಡ್ಸ್, ಒಂದು ಭಾನುವಾರ

ಕೊನೆಗೂ ಧೈರ್ಯ ತಂದುಕೊಂಡು ಫೋನ್ ಮಾಡಿ, ವೀಣಾಳ ಮನೆಗೆ ಊಟಕ್ಕೆ ಹೋದೆ. ಡಾಕ್ಟರು ಬಾಗಿಲಲ್ಲೇ ಕೈ ಮುಗಿದರು. ಅವರ ಹೆಂಡತಿ ನಿರ್ಮಲಾ ಬಿಸಿಬೇಳೆಬಾತು ಮಾಡಿದ್ದರು. ಅಡುಗೆಮನೆಯಲ್ಲಿ ನನ್ನೊಬ್ಬಳಿಗೆ ಕೇಳುವ ಹಾಗೆ ಹೇಳಿದರು, ಕೇಳಬೇಡ ಅಂತ ಮಗಳಿಗೆ ನಾನು ಒಂದು ದಿನವೂ ಹೇಳಿಲ್ಲ, ಆದರೆ ಕಾಗದ ಹಾಕಿದ ದಿನದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಅವರ ಬಗ್ಗೆ ನನಗೆ ಬಹಳ ಗೌರವ ಬಂತು.

ವೀಣಾ ನೀರಿನ ಲೋಟವನ್ನು ನನಗೆ ಎಡಗೈಯಲ್ಲಿ ಕೊಟ್ಟಳು. ಎಷ್ಟು ಹೇಳಿದರೂ ಅಷ್ಟೇ, ಹುಟ್ಟಿದಾಗಿನಿಂದ ಎಡಚಿ ಅಂತ ನಿರ್ಮಲಾ ಗೊಣಗಿದರು. ಹುಡುಗಿ ಗಟ್ಟಿಗಿತ್ತಿ, ನರ್ಸಿಂಗ್ ಓದುತ್ತಿದ್ದಳು. ಅಳುಗಿಳು ಏನಿಲ್ಲ. ಎಲ್ಲಿ ಡಾಕ್ಟರ ಹತ್ತಿರ ಹೋದರೂ ಫಾರಂನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಇದೆಯಾ, ಬಿ.ಪಿ. ಇದೆಯಾ ಅಂತ ಇರುತ್ತದೆ, ಗೊತ್ತಿಲ್ಲ ಅಂತ ಬರೆದು ಬರೆದು ಸಾಕಾಗಿದೆ ಅಂದಳು. ಅಷ್ಟಕ್ಕೇ ಈ ಕಾಗದವಾ ಅಂತ ಕೇಳಿದೆ. ಇದ್ದಾರೆ ಅಂತಾದರೂ ಗೊತ್ತಾಗಬೇಕು ಆಂಟಿ ಅಂದಳು.

ನಾನು ಅವಳ ತಾಯಿಗೆ ಕೊಟ್ಟ ಮಾತನ್ನು ಅವಳಿಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಅವಳು ಬಹಳ ಸಮಾಧಾನವಾಗಿ ಕೇಳಿದಳು, ಆ ಮಾತು ಕೊಡುವಾಗ ನಾನೂ ಅಲ್ಲೇ ಇದ್ದೆನಲ್ಲ, ನಿಮ್ಮ ಕೈಯಲ್ಲೇ? ಊರಿಗೆ ಹೋದ ಮೇಲೆ ಪ್ರಯತ್ನ ಮಾಡುತ್ತೇನೆ, ಅವರು ಬೇಡ ಅಂದರೆ ಬೇಡ ಅಂದೆ. ಅವಳು ಒಪ್ಪಿದಳು.

ಗುಬ್ಬಿ

ಹಿಂದಿರುಗಿದ ಹದಿನೈದು ದಿನಕ್ಕೆ ಗುಬ್ಬಿಗೆ ಹೋದೆ. ಜೋನಳ ಆಫೀಸಿನಲ್ಲಿ ಹೆತ್ತವರ ವಿಳಾಸಗಳು ಉಕ್ಕಿನ ಬೀರುವಿನಲ್ಲಿರುತ್ತವೆ, ಕೀಲಿ ಇಬ್ಬರ ಹತ್ತಿರ ಮಾತ್ರ. ನಮ್ಮಲ್ಲಿ ಅವು ಸೂಸಮ್ಮನ ತಲೆಯಲ್ಲಿರುತ್ತವೆ. ನರ್ಸು ಕೆಲಸದಿಂದ ನಿವೃತ್ತಳಾಗಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅಕ್ಕಪಕ್ಕದ ಇಬ್ಬರು ಹೆಂಗಸರೂ ಇದ್ದರು. ಒಳಗೆ ಹೋಗಿ ಮಾತಾಡೋಣ ಅಂದೆ. ಇವರೇನು ಹೊರಗಿನವರಾ ಅಂದಳು.

ಹೆಸರು ಹೇಳದೆ, ಬಳಸಿ ಬಳಸಿ ಕೇಳಿದೆ. ಸೂಸಮ್ಮನಿಗೆ ನನ್ನ ನಾಜೂಕು ಅರ್ಥವೇ ಆಗಲಿಲ್ಲ. “ಯಾರು, ಆ ಚೇಳೂರ್ ಕಡೆ ಹುಡುಗೀನಾ? ಕುಣಿಗಲ್ ಕಡೆ ಕೊಟ್ಟವ್ರೆ ಬುಡಿ, ಚೆನ್ನಾಗವ್ಳೆ” ಅಂತ ಊರಿನ ಹೆಸರು, ಮನೆಯ ಗುರುತು, ಮಕ್ಕಳೆಷ್ಟು ಎಲ್ಲವನ್ನೂ ಅವರಿಬ್ಬರ ಎದುರಿಗೇ ಹೇಳಿದಳು. ಆ ಹುಡುಗಿ ತನಗೆ ಹೇಗೆ ಪರಿಚಯ ಅನ್ನುವುದನ್ನು ಮಾತ್ರ ಬಾಯಿ ಬಿಡಲಿಲ್ಲ. ಹೆಂಗಸರು ಕೇಳಿದ್ದಕ್ಕೆ, ಹಿಂದೆ ಟೈಫಾಯ್ಡ್ ಆಗಿದ್ದಾಗ ನಾನೇ ನೋಡಿಕೊಂಡಿದ್ದೆ ಅಂದಳು. ಹದಿನೆಂಟು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದಾಳೆ ಅಂತ ಆ ಸರಾಗದಿಂದಲೇ ಗೊತ್ತಾಗುತ್ತಿತ್ತು.

ಕಾಗದ ಬರೆಯುವ ಯೋಚನೆಯನ್ನು ನಾನು ಗುಬ್ಬಿಯ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟೆ. ಜಯಮ್ಮನಿಗೆ ಓದು ಬರುವುದಿಲ್ಲ. ಹಳ್ಳಿಗೆ ಬಂದ ಕಾಗದವನ್ನು ಪೋಸ್ಟ್‌ಮ್ಯಾನೇ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳಿ, ಮಜ್ಜಿಗೆ ಕುಡಿದು ಹೋಗುತ್ತಾನೆ. ಸಾದಾ ಲಕೋಟೆ ಕಟ್ಟಿಕೊಂಡು ಏನು ಮಾಡಲಿ? ನಾನೇ ಹೋಗಬೇಕು. ಜೀಪು ಕೂಡದು. ಹಿಂದೆ ಎಪ್ಪತ್ತರ ದಶಕದಲ್ಲಿ ಒಮ್ಮೆ ಜೀಪಿನಲ್ಲಿ ಒಂದು ಹಳ್ಳಿಗೆ ಹೋದಾಗ, ಸಂತಾನಹರಣದ ಆಪರೇಷನ್ ಮಾಡಿಸುವವರು ಬಂದರು ಅಂತ ಊರಿನ ಹೆಂಗಸರೆಲ್ಲ ರಾಗಿ ಹೊಲಕ್ಕೆ ಓಡಿಹೋಗಿದ್ದರು. ಅದಕ್ಕೇ ಜೋನಳ ನಿಯಮಗಳನ್ನೇ ಹಿಡಿದೆ. ಒಬ್ಬಳೇ ಹೋಗುವುದು, ಸಾದಾ ಬಟ್ಟೆ, ಬಾಗಿಲಲ್ಲಿ ವಿಷಯ ಎತ್ತುವುದಿಲ್ಲ, ಅವಳನ್ನೇ ಹೆಸರು ಹಿಡಿದು ಕೇಳುವುದು, ಸುಳ್ಳು ಹೇಳುವುದಿಲ್ಲ.

ಕುಣಿಗಲ್ಲಿನಾಚೆ

ಊರು ಕುಣಿಗಲ್ಲಿನಿಂದ ಹುಲಿಯೂರುದುರ್ಗದ ದಾರಿಯಲ್ಲಿ. ಹೆಸರು ಬೇಡ. ಬಸ್ಸಿಳಿದು ಮನೆ ಕೇಳಿದೆ. ದಾರಿಯಲ್ಲಿ ಸಿಕ್ಕಿದವರೆಲ್ಲ ಯಾರ ಕಡೆಯವರು, ಏನು ಬಂದದ್ದು ಅಂತ ಕೇಳಿದರು. ನಾನು ನಕ್ಕು, ಹೀಗೇ, ಜಯಮ್ಮನವರನ್ನು ನೋಡಬೇಕಿತ್ತು ಅಂದೆ. ಬಹಳ ಜಾಣತನದಿಂದ ನಡೆದುಕೊಳ್ಳುತ್ತಿದ್ದೇನೆ ಅಂತ ನನಗೇ ಮೆಚ್ಚುಗೆಯಾಗಿತ್ತು.

ಸುದ್ದಿ ನನಗಿಂತ ಮೊದಲೇ ಮುಟ್ಟಿರಬೇಕು, ಮನೆಯ ಮುಂದೆ ಆಗಲೇ ನೀರು ಚಿಮುಕಿಸಿ ಗುಡಿಸಿತ್ತು. ಅತ್ತೆ ಚಾಪೆ ಹಾಸಿ, ಕೈಕಾಲಿಗೆ ನೀರು ಕೊಟ್ಟರು. ಪಕ್ಕದ ಮನೆಯಿಂದ ಸಕ್ಕರೆ ಬಂತು, ಸ್ಟೀಲ್ ಲೋಟ ಬಂತು, ನೋಡಲು ನಾಲ್ಕು ಹೆಂಗಸರೂ ಬಂದರು. ಒಬ್ಬ ಅಪರಿಚಿತಳಿಗೆ ಇಷ್ಟು ಉಪಚಾರ ಯಾಕೆ ಅಂತ ನನಗೆ ಹೊಳೆಯಲಿಲ್ಲ. ಹುಡುಗಿ ಸ್ಕೂಲಿಗೆ ಹೋಗುತ್ತಿದ್ದಳು, ಈ ವರ್ಷ ಬಿಡಿಸಿದೆವು, ಮನೆಗೆಲಸ ಎಲ್ಲ ಬರುತ್ತದೆ ಅಂತ ಅತ್ತೆ ಶುರು ಮಾಡಿದಾಗ ಹೊಳೆಯಿತು.

ನಮ್ಮ ಸೀಮೆಯಲ್ಲಿ ವಯಸ್ಸಾದ ಒಬ್ಬ ಹೆಂಗಸು, ಹೇಳಿ ಕಳಿಸದೆ, ಒಬ್ಬಳೇ ಬಂದು, ಏನು ವಿಷಯ ಅಂದರೆ ಹೀಗೇ ಅಂತ ನಕ್ಕರೆ ಅದಕ್ಕೆ ಒಂದೇ ಅರ್ಥ. ಶಾಸ್ತ್ರಕ್ಕೆ ಮೊದಲು ಗಂಡಿನ ಕಡೆಯವರು ಮೆಲ್ಲಗೆ ಹೆಣ್ಣು ನೋಡಿಕೊಂಡು ಹೋಗಲು ಬಂದಿದ್ದಾರೆ. ಜಯಮ್ಮನಿಗೆ ಹದಿನಾರರ ಮಗಳಿದ್ದಳು, ಮದುವೆಯ ಮಾತು ನಡೆದಿತ್ತು. ನಾನು ಇಂಗ್ಲೆಂಡಿನಿಂದ ಹೊತ್ತು ತಂದ ನಿಯಮಗಳೆಲ್ಲ ಸೇರಿ ನನ್ನನ್ನು ಬೀಗಿತ್ತಿ ಮಾಡಿ ಕೂರಿಸಿದ್ದವು. ಯಾವ ಕಡೆಯವರು ಅಂದರು ಅತ್ತೆ. ತುಮಕೂರು ಅಂದೆ. ಅದು ಸುಳ್ಳಲ್ಲ. ಪೇಟೆಯ ಸಂಬಂಧ ಅಂತ ಅವರ ಮುಖ ಅರಳಿತು. ಅಲ್ಲ ಅಂದರೆ ಮತ್ತೇನು ಅಂತ ಹೇಳಬೇಕು, ಹೇಳುವ ಹಾಗಿಲ್ಲ. ಸುಮ್ಮನೆ ಕೂತೆ. ಅಷ್ಟು ಕೆಟ್ಟ ಸುಳ್ಳನ್ನು ನಾನು ಬಾಯಿಬಿಟ್ಟೂ ಹೇಳಿದ್ದಿಲ್ಲ.

ಹಿತ್ತಲಿನಿಂದ ಜಯಮ್ಮ ಬಂದಳು. ಮೈಕೈ ತುಂಬಿಕೊಂಡಿದ್ದಳು, ಕಿವಿಯಲ್ಲಿ ಓಲೆ, ಕೈ ಒದ್ದೆ. ನನ್ನನ್ನು ನೋಡಿದಳು. ನೋಡಿದ ಕ್ಷಣಕ್ಕೇ ಗುರುತು ಹಿಡಿದಳು, ಅದು ನನಗೆ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಾಗಲಿಲ್ಲ. “ಬಂದವ್ರಿಗೆ ಕುಡಿಯೋಕ್ ಏನಾರ ಕೊಟ್ರಾ ಅತ್ತೆ?” ಅಂದಳು. ಒಳಗೆ ತಿರುಗಿ ಮಗಳಿಗೆ ತಲೆ ಬಾಚಿಕೊಂಡು ಕಾಫಿ ತರುವುದಕ್ಕೆ ಹೇಳಿದಳು. ಎದುರಿಗೆ ಕೂತು ಗಂಡ ಹೊಲಕ್ಕೆ ಹೋಗಿರುವುದನ್ನು, ಈ ಸಲ ಅವರೆ ಚೆನ್ನಾಗಿ ಬಂದಿರುವುದನ್ನು ಹೇಳಿದಳು. ಅವಳ ದನಿ ಒಂದು ಚೂರೂ ಅಲುಗಲಿಲ್ಲ.

ಮಗಳು ಕಾಫಿ ತಂದಳು. ತಲೆ ತಗ್ಗಿಸಿಕೊಂಡು, ಲೋಟವನ್ನು ಎಡಗೈಯಲ್ಲಿ ಚಾಚಿದಳು. ಬೀಗರ ಎದುರಿಗೆ ಎಡಗೈಯಾ ಅಂತ ಅಜ್ಜಿ ಗದರಿದರು. ನಾನು ಲೋಟ ತೆಗೆದುಕೊಂಡೆ. ಸಾವಿರಾರು ಮೈಲಿ ಆಚೆಯ ಆ ಹುಡುಗಿಯೇ ಎದುರಿಗೆ ನಿಂತ ಹಾಗಾಗಿ ನನಗೆ ಅಳು ಬಂದುಬಿಟ್ಟಿತು. ಕಾಫಿ ಬಹಳ ಬಿಸಿ ಅಂದೆ.

ಕುಡಿದು ಏಳುತ್ತಿದ್ದ ಹಾಗೆ, ಬಸ್ಸು ಹತ್ತಿಸಿ ಬರುತ್ತೇನೆ ಅಂತ ಅತ್ತೆಗೆ ಹೇಳಿ ಜಯಮ್ಮ ಜೊತೆಗೆ ಹೊರಟಳು. ಗಂಡಿನ ಕಡೆಯವರ ಜೊತೆ ಹೆಣ್ಣಿನ ತಾಯಿ ನಾಲ್ಕು ಮಾತು ಬೇರೆ ಆಡಬೇಕಾಗುತ್ತದೆ, ಯಾರೂ ಹಿಂದೆ ಬರಲಿಲ್ಲ. ರಸ್ತೆಯ ಪಕ್ಕದ ಹೊಂಗೆ ಮರದವರೆಗೂ ಅವಳು ಮುಂದೆ ಮುಂದೆ ನಡೆದಳು. ಅಲ್ಲಿ ನಿಂತು ಕೇಳಿದಳು.

“ಸತ್ತೋಯ್ತಾ?”

ಯಾರು ಅಂತ ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಮಗು ಸತ್ತಿದ್ದರೆ ಮಾತ್ರ ನಾನು ಮಾತು ಮುರಿದು ಬರುತ್ತೇನೆ ಅಂತ ಅವಳು ತಿಳಿದಿದ್ದಳು. ಕಾಫಿ ಕೊಡಿಸಿದ್ದು, ಅವರೆಯ ಬೆಳೆ ಹೇಳಿದ್ದು, ಎಲ್ಲವನ್ನೂ ಮಗು ಸತ್ತಿದೆ ಅಂದುಕೊಂಡೇ ಮಾಡಿದ್ದಳು. ಇಲ್ಲ ಕಣಮ್ಮ, ಚೆನ್ನಾಗಿದ್ದಾಳೆ, ಓದುತ್ತಿದ್ದಾಳೆ ಅಂದೆ. ಅವಳು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

“ಯಾರೂ ಬರಲ್ಲ ಅಂದಿದ್ರಿ” ಅಂದಳು.

“ಅಂದಿದ್ದೆ. ನನ್ನದು ತಪ್ಪಾಯ್ತು.”

ಅವಳು ಹೆಸರೇನು ಅಂದಳು. ಹೇಳಿದೆ. ಎಷ್ಟು ಎತ್ತರ, ಕೂದಲು ಹೇಗಿದೆ, ಸಾಕಿದವರು ಬಯ್ಯುತ್ತಾರಾ, ಊಟ ಸರಿಯಾಗಿ ಮಾಡುತ್ತಾಳಾ ಅಂತ ಒಂದೊಂದೇ ಕೇಳಿದಳು. ಎಡಚಿ ಅಂದಾಗ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು. ಸಕ್ಕರೆ ಕಾಯಿಲೆಯ ಪ್ರಶ್ನೆ ಕೇಳಿದೆ. ತನ್ನ ತಾಯಿಗೆ ಇತ್ತು, ಅದರಿಂದಲೇ ಹೋದರು, ತನಗಿನ್ನೂ ಇಲ್ಲ, ಅದನ್ನು ಅವಳಿಗೆ ಖಂಡಿತ ಬರೆಯಿರಿ, ಸಿಹಿ ಕಡಿಮೆ ತಿನ್ನಲಿ ಅಂದಳು. ಮನೆಯಲ್ಲಿ ಏನು ಹೇಳುತ್ತೀ ಅಂದೆ. ಜಾತಕ ಕೂಡಲಿಲ್ಲ ಅಂದರಾಯಿತು, ಅದಕ್ಕೇನು ಅಂದಳು. ಆಗಲೇ ಯೋಚಿಸಿಟ್ಟಿದ್ದಳು.

ಅವಳು ನಿನಗೊಂದು ಕಾಗದ ಬರೆಯಬಹುದಾ ಅಂತ ಕೊನೆಗೆ ಕೇಳಿದೆ. ನನ್ನ ವಿಳಾಸಕ್ಕೇ ಬರುತ್ತದೆ, ಓದಿ ಹೇಳಿ ಹರಿದು ಹಾಕುತ್ತೇನೆ ಅಂದೆ.

ಅವಳು ರಸ್ತೆಯ ಕಡೆ ನೋಡಿದಳು. ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತ ಬರುತ್ತಿತ್ತು.

“ಬೇಡಿ ಅಕ್ಕಾ. ಈ ಹುಡುಗಿ ಮದ್ವೆ ಆಗ್ಬೇಕು. ಒಂದ್ ಮಾತು ಹೊರಗ್ ಬಿದ್ರೆ ಇವಳ ಬದುಕೂ ಹೋಯ್ತದೆ.” ಎದ್ದು ನಿಂತು ಸೀರೆಯ ಮಣ್ಣು ಕೊಡವಿದಳು. “ಹೆತ್ತೋಳು ಸತ್ತೋದ್ಲು ಅಂತ ಬರ್ದ್ಬುಡಿ. ಅವಳ್ಗೂ ನೆಮ್ಮದಿ.”

ಸುಳ್ಳು ಬರೆಯುವುದಿಲ್ಲ ಅನ್ನಬೇಕು ಅಂತ ಬಾಯಿವರೆಗೆ ಬಂತು. ಅನ್ನಲಿಲ್ಲ. ಬೇಡ ಅನ್ನುವ ಹಕ್ಕು ಅವಳದು. ಹೇಗೆ ಬೇಡ ಅನ್ನಬೇಕು ಅನ್ನುವುದನ್ನೂ ನಾನೇ ಹೇಳಿಕೊಡಬೇಕೇ? ಆಗಲಿ ಅಂದೆ. ಬಸ್ಸು ನಿಂತಿತು. ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ತಿರುಗಿ ನೋಡದೆ ಊರಿನ ಕಡೆ ನಡೆಯುತ್ತಿದ್ದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಲೀಡ್ಸಿನ ಆ ಹುಡುಗಿಗೆ ಯಾವ ಮಾತಿನಲ್ಲಿ ಬರೆಯಲಿ ಅಂತ ಯೋಚಿಸುತ್ತ ಕೂತೆ.

ಬಸ್ಸು ಅಷ್ಟು ದೂರ ಹೋಗಿರಲಿಲ್ಲ. ಯಾರೋ ಹಿಂದಿನ ತಗಡನ್ನು ದಬದಬ ಬಡಿದರು. ಕಂಡಕ್ಟರು ಬೈಯುತ್ತ ಸೀಟಿ ಊದಿದ. ಜಯಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ನಿಂತವರನ್ನು ಸರಿಸಿಕೊಂಡು ನನ್ನ ಸೀಟಿನವರೆಗೆ ಬಂದಳು. ಚಪ್ಪಲಿ ಎಲ್ಲೋ ಬಿಟ್ಟು ಬಂದಿದ್ದಳು. ಬಸ್ಸಿನ ತುಂಬ ಜನ ಅವಳನ್ನೇ ನೋಡುತ್ತಿದ್ದರು, ಅದರಲ್ಲಿ ಆ ಊರಿನವರೂ ಇದ್ದಿರಬೇಕು. ಅವಳು ಬಗ್ಗಿ ನನ್ನ ಭುಜ ಹಿಡಿದಳು.

“ಹಂಗ್ ಬರೀಬೇಡಿ ಅಕ್ಕಾ. ಬದುಕವ್ಳೆ ಅಂತ ಬರೀರಿ.”

ಎಲ್ಲಿಗಮ್ಮ ಟಿಕೆಟ್ಟು ಅಂದ ಕಂಡಕ್ಟರು. ಎಲ್ಲಿಗೂ ಇಲ್ಲ ಕಣಪ್ಪ ಅಂತ ಹೇಳಿ ಇಳಿದುಹೋದಳು.